‘ಪೂರ್ಲಿ’ ಅಂದರೆ ಎಷ್ಟು ಕಾಯಿಲೆ

ರಾಯಚೂರು

ನಾನು ಇಂಗ್ಲೆಂಡಿಗೆ ಹೋದದ್ದು ದೇಶ ನೋಡಲಿಕ್ಕಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ರಾಯಚೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಜಿಲ್ಲೆಗಳಿಂದ ಒಬ್ಬೊಬ್ಬ ಶಿಕ್ಷಕರನ್ನು ಆರಿಸಿ ಅಲ್ಲಿಗೆ ಕೆಲವು ತಿಂಗಳ ತರಬೇತಿಗೆ ಕಳಿಸುತ್ತಿದ್ದರು. ಆ ವರ್ಷ ನನ್ನ ಹೆಸರು ಬಂತು.

ಕಲ್ಲೂರಿನಲ್ಲಿ ಕಂಡವರ ಗದ್ದೆಯಲ್ಲಿ ನಾಟಿ ಮಾಡುವವಳ ಮಗಳು ನಾನು. ಮಾನ್ವಿಯ ಹಾಸ್ಟೆಲಿನಲ್ಲಿದ್ದು ಓದಿದವಳು. ಇಂಗ್ಲಿಷ್ ನನಗೆ ಮನೆಯಿಂದ ಬರಲಿಲ್ಲ, ಗ್ರಾಮರ್ ಪುಸ್ತಕದಿಂದ ಬಂತು. ಹಾಗಾಗಿ ತಪ್ಪುಗಳ ವಿಷಯದಲ್ಲಿ ನಾನು ಬಹಳ ಕಠಿಣ. ‘ಡಿಸ್ಕಸ್ ಅಬೌಟ್’ ಎಂದವಳನ್ನು ನಿಲ್ಲಿಸಿ, ಆ ‘ಅಬೌಟ್’ ಬೇಡ ಎನ್ನುತ್ತಿದ್ದೆ. ‘ರಿಟರ್ನ್ ಬ್ಯಾಕ್’ ಎಂದರೆ ಎರಡು ಸಲ ಮನೆಗೆ ಬಂದ ಹಾಗೆ ಎನ್ನುತ್ತಿದ್ದೆ. ‘ಕಸಿನ್ ಬ್ರದರ್’ ಎಂಬ ನೆಂಟ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ ಎಂದಾಗ ಹುಡುಗಿಯರು ಪಾಪ ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು. ‘ರಿಸೀವ್’ ಬರೆಯುವಾಗ ಐ ಮೊದಲೋ ಇ ಮೊದಲೋ ಎಂಬುದರ ಮೇಲೆ ಎಷ್ಟು ಮಧ್ಯಾಹ್ನಗಳನ್ನು ಕಳೆದೆನೋ.

ಬೊಂಬಾಯಿ ಕಡೆಯ ಮೇಲ್ ಗಾಡಿ ಹತ್ತಿಸಲಿಕ್ಕೆ ನಮ್ಮ ಹೆಡ್‌ಮಿಸ್ಟ್ರೆಸ್ ಸ್ಟೇಷನ್ನಿಗೆ ಬಂದಿದ್ದರು.

“ಕಮಲಾ ಟೀಚರ್, ಅಲ್ಲಿ ಮಂದಿ ಹ್ಯಾಂಗ ಮಾತಾಡ್ತಾರ ಛಲೋತ್ನಾಗಿ ಕೇಳಿ ಬರ್ರಿ. ನಮ್ಮ ಹುಡುಗ್ಯಾರಿಗಿ ಖರೇ ಇಂಗ್ಲಿಷ್ ತಂದು ಕೊಡ್ರಿ” ಅಂದರು.

ನಮ್ಮವ್ವ ಖರೇ ಇಂಗ್ಲಿಷಿನ ಮಾತೆತ್ತಲಿಲ್ಲ. ತಿಂಗಳುಗಟ್ಟಲೆ ಕೆಡದ, ಒಣಗಿಸಿದ ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಕೈಗಿಟ್ಟು, “ಹಸಕೊಂಡು ಇರಬ್ಯಾಡ” ಎಂದಳು.

ಗಿರಣಿ ಊರು

ನನ್ನನ್ನು ಕಳಿಸಿದ್ದು ಉತ್ತರ ಇಂಗ್ಲೆಂಡಿನ ಒಂದು ಉಣ್ಣೆ ಗಿರಣಿಗಳ ಊರಿಗೆ. ಮಸಿ ಹಿಡಿದ ಕಲ್ಲಿನ ಮನೆಗಳು, ಗುಡ್ಡಕ್ಕೆ ಒರಗಿದಂತೆ ಸಾಲುಸಾಲಾಗಿ. ರಾಯಚೂರಿನ ಹತ್ತಿ ಜಿನ್ನುಗಳ ಬೀದಿಯಲ್ಲಿ ಬೇಸಿಗೆಯಲ್ಲಿ ಅರಳೆಯ ಧೂಳು ಹಾರುತ್ತಿರುತ್ತದೆ. ಇಲ್ಲಿ ಚಿಮಣಿಗಳಷ್ಟೇ ನಿಂತಿದ್ದವು, ಹೊಗೆಯಿರಲಿಲ್ಲ. ಬಹಳಷ್ಟು ಗಿರಣಿ ಮುಚ್ಚಿದ್ದವು.

ನನಗೆ ಉಳಿಯಲು ಒಂದು ಮನೆ ಗೊತ್ತು ಮಾಡಿದ್ದರು. ಮನೆಯವಳ ಹೆಸರು ಡೋರಿಸ್, ಅರವತ್ತು ದಾಟಿದ್ದಳು. ಗಂಡ ಆರ್ಥರ್ ಹುಡುಗನಾಗಿದ್ದಾಗಿನಿಂದ ಗಿರಣಿಯಲ್ಲಿ ದುಡಿದು, ಕಿವಿಯನ್ನೂ ಎದೆಯನ್ನೂ ಅಲ್ಲೇ ಬಿಟ್ಟು ಬಂದಿದ್ದ. ಹೆಸರು ಹಿಡಿದು ಕರೆ ಎಂದಳು. ತಾಯಿಯ ವಯಸ್ಸಿನವಳನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ‘ಡೋರಿಸವ್ವ’ ಎಂದೆ. ಅರ್ಥ ಕೇಳಿದಳು, ಹೇಳಿದೆ. ಆಮೇಲೆ ಯಾರಾದರೂ ಬಂದರೆ ಅದನ್ನು ಹೇಳಿಸಿ ಕೇಳಿಸುತ್ತಿದ್ದಳು.

ಮೊದಲ ದಿನವೇ ನನ್ನ ಗ್ರಾಮರ್ ಪುಸ್ತಕಕ್ಕೆ ಪೆಟ್ಟು ಬಿತ್ತು. ಆಕೆಯ ಮಾತಿನಲ್ಲಿ ಸಾಲಿಗೊಂದು ತಪ್ಪು. ‘ಐ ವಾಸ್’ ಎನ್ನುವಲ್ಲಿ ‘ಐ ವರ್’. ‘ದೋಸ್’ ಎನ್ನುವಲ್ಲಿ ‘ದೆಮ್’. ಕೂತಿದ್ದೆ ಎನ್ನಲು ‘ಐ ವರ್ ಸ್ಯಾಟ್’. ನನ್ನ ಹುಡುಗಿಯರು ಬರೆದಿದ್ದರೆ ಫೇಲು. ಆದರೆ ಆ ಬೀದಿಯಲ್ಲಿ ಎಲ್ಲರೂ ಹಾಗೆಯೇ ಆಡುತ್ತಿದ್ದರು. ಮಾತಿಗೊಮ್ಮೆ ನನ್ನನ್ನು ‘ಲವ್’ ಎನ್ನುತ್ತಿದ್ದಳು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ‘ಯವ್ವಾ’ ಎನ್ನುವುದಿಲ್ಲವೇ, ಹಾಗೆ. ಅದಕ್ಕೇ ಆ ಗಂಡಹೆಂಡಿರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅವರು ಬೇರೆ ಯಾರೋ ಆಗಿಬಿಡುತ್ತಾರೆ.

ಒಮ್ಮೆ ಇಬ್ಬರೂ ಸಂತೆಗೆ ಹೋಗಿದ್ದೆವು. ತರಕಾರಿಯವನ ಹಲಗೆಯ ಮೇಲೆ ‘ಪೊಟ್ಯಾಟೋಸ್’ ಎಂದು ಬರೆದು, ಕೊನೆಯ ಎಸ್ ಅಕ್ಷರಕ್ಕೆ ಮೊದಲು ಸುಮ್ಮನೆ ಒಂದು ಅಪಾಸ್ಟ್ರಫಿ ಸಿಕ್ಕಿಸಿದ್ದರು. ಇಂಗ್ಲಿಷರ ದೇಶದಲ್ಲಿ ಇಂಗ್ಲಿಷ್ ತಪ್ಪು. ಡೋರಿಸ್‌ಗೆ ತೋರಿಸಿದೆ.

“ಆಲೂಗಡ್ಡಿ ಕೆಟ್ಟಿಲ್ಲಲ್ಲ. ನಡಿ” ಎಂದಳು.

ಆರ್ಥರ್ ಮಾತು ಕಡಿಮೆ. ಮಗ್ಗಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಗಿರಣಿಯವರೆಲ್ಲ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದರಂತೆ. ಡೋರಿಸ್ ಸಹ ಮದುವೆಗೆ ಮುಂಚೆ ಅದೇ ಗಿರಣಿಯಲ್ಲಿದ್ದವಳು. ಅವನು ನನ್ನ ತುಟಿಯನ್ನೂ ನೋಡುತ್ತಿದ್ದ, ತಿಳಿಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ‘ವ’ ಎರಡಿವೆ, ನನ್ನ ಬಾಯಿಯಲ್ಲಿ ಒಂದೇ.

“ಉಣ್ಣಿಗಿ ಏನಂತಿ, ಇನ್ನೊಮ್ಮಿ ಅನ್ನು.”

“ವುಲ್” ಎಂದೆ.

“ಹಲ್ಲು ತುಟಿಗಿ ಹಚ್ಚಬ್ಯಾಡ. ದೀಪ ಊದಾಕ ಬಾಯಿ ಮಾಡ್ತೀಯಲ್ಲ, ಹಂಗ ಮಾಡು.”

ಮಾಡಿದೆ. ತಲೆದೂಗಿದ. ಇಂಗ್ಲಿಷ್ ಓದಿ, ಇಂಗ್ಲಿಷ್ ಕಲಿಸಿ, ಅಷ್ಟು ವರ್ಷದಲ್ಲಿ ನನ್ನ ತುಟಿಯನ್ನು ಯಾರೂ ನೋಡಿರಲಿಲ್ಲ.

ಒಂದು ಭಾನುವಾರ

ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹೆಂಗಸೊಬ್ಬಳು ಒಮ್ಮೆ ನನ್ನ ಕೈ ಹಿಡಿದು, ನೀವು ಯಾವಾಗಲಾದರೂ ನಮ್ಮ ಮನೆಗೆ ಬರಲೇಬೇಕು ಎಂದಿದ್ದಳು. ‘ಮಸ್ಟ್’ ಎಂದಿದ್ದಳು. ‘ಮಸ್ಟ್’ ಎಂದರೆ ಕಡ್ಡಾಯ ಎಂದು ನಾನೇ ಮಕ್ಕಳಿಗೆ ಬರೆಸಿದವಳು. ಭಾನುವಾರ ಸೀರೆ ಉಟ್ಟು, ಒಂದು ಡಬ್ಬಿ ಬಿಸ್ಕತ್ತು ಹಿಡಿದುಕೊಂಡು ಹೋದೆ. ಗಂಡಹೆಂಡತಿ ಮಣ್ಣುಗೈಯಲ್ಲಿ ಹಿತ್ತಲಿನಿಂದ ಬಂದರು. ನನ್ನನ್ನು ನೋಡಿ ಇಬ್ಬರೂ ನಕ್ಕರು, ನಗು ಮುಖದ ಮೇಲೆ ನಿಲ್ಲಲಿಲ್ಲ. ಚಹಾ ಕೊಟ್ಟರು. ನಾನು ಬೇಗ ಎದ್ದೆ.

ಆರ್ಥರ್ ಕೇಳಿ, “ಆಕಿ ಕರೀಲಿಲ್ಲ ಯವ್ವಾ. ಕರದಂಗ ಮಾಡಿದ್ಳು, ಅಷ್ಟೇ” ಎಂದ.

ನಾಚಿಕೆ ಆರಿದ ಮೇಲೆ ಮಾನ್ವಿ ಬಸ್ ಸ್ಟ್ಯಾಂಡು ನೆನಪಾಯಿತು. ಅಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿರುವವರು ಎದುರಿಗೆ ಬಂದವರನ್ನೆಲ್ಲ “ಬರ್ರಿ, ಊಟ ಮಾಡೂಣು” ಎನ್ನುತ್ತಾರೆ. “ಆತ್ರಿ, ನೀವು ಮಾಡ್ರಿ” ಎಂದು ಹೇಳಿ ಮುಂದೆ ಹೋಗಬೇಕು. ಕೂತು ರೊಟ್ಟಿ ಮುರಿದವರನ್ನು ನಾನು ನೋಡಿಲ್ಲ. ಅಲ್ಲಿ ಹುಟ್ಟಿದ್ದಕ್ಕೆ ಗೊತ್ತು, ಇಲ್ಲಿ ಹುಟ್ಟದೆ ಇದ್ದದ್ದಕ್ಕೆ ಗೊತ್ತಾಗಲಿಲ್ಲ.

ಆ ಮನೆಯಲ್ಲಿ ನಾನು ಮುಖ್ಯವಾಗಿ ಕಲಿತದ್ದು, ಅಲ್ಲಿಯವರ ಮಾತು ಬಿಸಿನೀರಿನಲ್ಲಿ ಅದ್ದಿದ ಉಣ್ಣೆ ಬಟ್ಟೆಯಂತೆ ಕುಗ್ಗಿರುತ್ತದೆ ಎಂಬುದನ್ನು. ಬಹಳ ಚೆನ್ನಾಗಿದ್ದರೆ ‘ನಾಟ್ ಬ್ಯಾಡ್’. ಆರ್ಥರ್ ರಾತ್ರಿಯಿಡೀ ಕೆಮ್ಮಿ ಬೆಳಿಗ್ಗೆ ಗೋಡೆ ಹಿಡಿದು ಬರುತ್ತಿದ್ದ. ಹೇಗಿದ್ದೀರಿ ಎಂದರೆ ‘ಮಸ್ಟಂಟ್ ಗ್ರಂಬಲ್’ ಎನ್ನುತ್ತಿದ್ದ. ಗೊಣಗಬಾರದು ಎಂದು ಅದರ ಶಬ್ದಾರ್ಥ. ಇಲ್ಲಿ ಗೊಣಗುವುದಕ್ಕೆ ನಿಷೇಧವಿದೆಯೋ ಏನೋ ಎಂದು ಮೊದಲು ತಿಳಿದಿದ್ದೆ. ಕಷ್ಟದಲ್ಲಿದ್ದೇನೆ, ಕೇಳಬೇಡ ಎಂದು ಅದರ ಅರ್ಥ.

ಚಳಿ ಹೆಚ್ಚಿದ ವಾರದಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದರು.

ಶನಿವಾರ

ಡೋರಿಸ್ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದು, ಅಡುಗೆ ಮುಗಿಸಿ, ಸಂತೆಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನ ಫೋನು ಬಂತು. ವಾರ್ಡಿನ ಹಿರಿಯ ನರ್ಸು.

ಡೋರಿಸ್ ಇಲ್ಲ ಎಂದೆ. ಆಕೆ ಸ್ವಲ್ಪ ತಡೆದು ಹೇಳಿದಳು: ಆರ್ಥರ್ ಈ ಮಧ್ಯಾಹ್ನ ‘ರಾದರ್ ಪೂರ್ಲಿ’ ಇದ್ದಾರೆ. ಅವರ ಮನೆಯವರು ‘ಪಾಪ್ ಇನ್’ ಮಾಡಬಹುದು.

ಫೋನು ಇಟ್ಟೆ. ನನ್ನ ಓದು ಕೆಲಸ ಮಾಡಿತು. ‘ಪೂರ್ಲಿ’ ಎಂದರೆ ಮೈ ಸರಿಯಿಲ್ಲ. ‘ರಾದರ್’ ಎಂದರೆ ಒಂದಿಷ್ಟು. ‘ಪಾಪ್ ಇನ್’ ಎಂದರೆ ದಾರಿಯಲ್ಲಿ ಹೋಗುವಾಗ ಹೀಗೆ ಬಂದು ಹಾಗೆ ಹೋಗುವುದು. ಒಂದಿಷ್ಟು ಮೈ ಸರಿಯಿಲ್ಲ, ಅನುಕೂಲವಾದರೆ ಬಂದು ಹೋಗಲಿ. ಸರಿ, ಡೋರಿಸ್ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು ಕುರ್ಚಿಯಲ್ಲಿ ಕೂತೆ.

ಕೂರಲಾಗಲಿಲ್ಲ.

ಅದಕ್ಕೆ ಏಳು ವರ್ಷ ಹಿಂದೆ, ರಾಯಚೂರಿನ ಶಾಲೆಗೆ ನನ್ನ ಹೆಸರಿಗೆ ಒಂದು ತಂತಿ ಬಂದಿತ್ತು. ನನ್ನ ಗಂಡ ಆಗ ದೇವದುರ್ಗದ ಸರಕಾರಿ ಕಚೇರಿಯಲ್ಲಿ ಕ್ಲಾರ್ಕಾಗಿದ್ದರು, ವರ್ಗವಾಗದೆ ಅಲ್ಲೊಬ್ಬರು ಇಲ್ಲೊಬ್ಬರು ಇದ್ದೆವು. ತಂತಿಯಲ್ಲಿ ಇದ್ದದ್ದು ಇಷ್ಟೇ: ಹಸ್ಬಂಡ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ. ಸೀರಿಯಸ್ ಎಂದರೆ ಚಿಂತಾಜನಕ. ಚಿಂತಾಜನಕ ಎಂದರೆ ಜೀವ ಇದೆ. ಶಾಲೆಯ ಜವಾನ ನನ್ನ ಚೀಲ ಹಿಡಿದು ಬಸ್ಸಿನ ತನಕ ಬಂದ, ಯಾವತ್ತೂ ಬಂದವನಲ್ಲ. ಟೀಚರುಗಳು ನನ್ನ ಕಣ್ಣು ತಪ್ಪಿಸಿದರು. ಕಂಡಕ್ಟರನು ಹೆಂಗಸೊಬ್ಬಳನ್ನು ಎಬ್ಬಿಸಿ ನನಗೆ ಸೀಟು ಕೊಡಿಸಿದ. ನಾನು ದಾರಿಯುದ್ದಕ್ಕೂ ಯಾವ ಡಾಕ್ಟರಿಗೆ ತೋರಿಸಬೇಕು, ಹೈದರಾಬಾದಿಗೆ ಒಯ್ಯಬೇಕೇನು ಎಂದು ಯೋಚಿಸುತ್ತಿದ್ದೆ. ದೇವದುರ್ಗದಲ್ಲಿ ಇಳಿದಾಗ ಮೈದುನ ತಲೆಗೆ ಟವೆಲು ಹಾಕಿಕೊಂಡು ನಿಂತಿದ್ದ. ಆ ತಂತಿಯ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಂಗ್ಲಿಷ್ ಬಾರದ ಕಂಡಕ್ಟರನಿಗೂ ಗೊತ್ತು. ಅದನ್ನು ಡಿಕ್ಷನರಿಯ ಅರ್ಥದಲ್ಲಿ ಓದಿದವಳು ನಾನೊಬ್ಬಳೇ.

ಆ ನರ್ಸು ಮಾತಿಗೆ ಮುಂಚೆ ತಡೆದಿದ್ದಳಲ್ಲ. ಸುಮ್ಮನೆ ಬಂದು ಹೋಗಿ ಎನ್ನಲು ಆಸ್ಪತ್ರೆಯಿಂದ ಯಾರು ಫೋನು ಮಾಡುತ್ತಾರೆ?

ಕೋಟು ಹಾಕಿಕೊಂಡು ಸಂತೆಯ ಕಡೆಗೆ ಇಳಿದೆ. ಇಳಿಜಾರು, ಕಲ್ಲು ಹಾಸಿದ ಬೀದಿ, ಮಂಜು ಬಿದ್ದು ಜಾರುತ್ತಿತ್ತು. ಸೀರೆ ಕಾಲಿಗೆ ತೊಡರುತ್ತಿತ್ತು, ನೆರಿಗೆ ಎತ್ತಿ ಹಿಡಿದು ಓಡಿದೆ. ಡೋರಿಸ್ ಮೀನಿನ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ದಾರಿಯಲ್ಲಿ ಒಂದೇ ಗಟ್ಟಿ ಮಾಡಿಕೊಂಡಿದ್ದೆ. ನನ್ನ ಅರ್ಥ ಸೇರಿಸಬಾರದು, ಮೆತ್ತಗೆ ಮಾಡಬಾರದು. ಕೇಳಿದ ಮಾತನ್ನು ಕೇಳಿದ ಹಾಗೆಯೇ ಕೊಡಬೇಕು.

“ಆಸ್ಪತ್ರಿಯಿಂದ ಫೋನ್ ಬಂದಿತ್ತು. ಆರ್ಥರ್ ರಾದರ್ ಪೂರ್ಲಿ ಅದಾರಂತ. ನೀನು ಪಾಪ್ ಇನ್ ಮಾಡಬಹುದಂತ.”

“ರಾದರ್ ಅಂದ್ರಾ?”

“ರಾದರ್ ಪೂರ್ಲಿ ಅಂದ್ರು.”

ಡೋರಿಸ್ ಕೈಬುಟ್ಟಿಯನ್ನು ನೆಲಕ್ಕಿಟ್ಟಳು. ಸಾಲಿನಲ್ಲಿದ್ದವರೆಲ್ಲ ಆ ಎರಡು ಶಬ್ದ ಕೇಳಿಸಿಕೊಂಡಿದ್ದರು, ಯಾರೂ ಏನೂ ಕೇಳಲಿಲ್ಲ. ಮೀನಿನವನು ಏಪ್ರನ್ ಬಿಚ್ಚಿ ಒಳಗೆ ಎಸೆದು, “ನನ್ನ ಗಾಡಿ ಹಿಂದ ಅದ, ಬಾ ಡೋರಿಸ್” ಎಂದ. ಅವನ ಗಿರಾಕಿಗಳು ಅಲ್ಲೇ ನಿಂತಿದ್ದರು, ಒಬ್ಬರ ಮುಖದಲ್ಲೂ ಬೇಸರ ಇರಲಿಲ್ಲ. ನಮ್ಮಿಬ್ಬರನ್ನೂ ಅವನು ಮುಂದಿನ ಸೀಟಿನಲ್ಲೇ ಕೂರಿಸಿಕೊಂಡ. ಗಾಡಿಯ ತುಂಬ ಮೀನಿನ ವಾಸನೆ. ಡೋರಿಸ್ ನನ್ನ ಕೈ ಹಿಡಿದವಳು ಆಸ್ಪತ್ರೆಯ ಬಾಗಿಲ ತನಕ ಬಿಡಲಿಲ್ಲ.

ವಾರ್ಡು

ಜೀವ ಇತ್ತು.

ಮೂಗುಬಾಯಿಗೆ ಮಾಸ್ಕು ಹಾಕಿದ್ದರು. ಹೆಂಡತಿಯನ್ನು ನೋಡಿ ಅದನ್ನು ತೆಗೆಯುವಂತೆ ಕೈ ಮಾಡಿದ. ನರ್ಸು ತೆಗೆದಳು. ಮಾತಾಡಲು ಉಸಿರಿರಲಿಲ್ಲ. ತುಟಿಗಳು ಮಾತ್ರ ಆಡಿದವು, ದೊಡ್ಡದಾಗಿ, ಒಂದೊಂದೇ, ಗದ್ದಲದಲ್ಲಿ ನಿಂತು ಮಾತಾಡುವವನಂತೆ. ಡೋರಿಸ್ ಮಂಚದ ಅಂಚಿಗೆ ಕೂತು, ತಾನೂ ದನಿ ತೆಗೆಯದೆ, ತುಟಿಯಲ್ಲೇ ಉತ್ತರ ಕೊಟ್ಟಳು. ಅವನು ಏನೋ ಕೇಳಿದ. ಅವಳು ತಲೆಯಾಡಿಸಿ ಇನ್ನೇನೋ ಹೇಳಿದಳು. ಒಮ್ಮೆ ಇಬ್ಬರಿಗೂ ನಗು ಬಂದಂತಾಯಿತು. ಅವನ ನಗು ಕೆಮ್ಮಾಗಿ ತಿರುಗಿದಾಗ ಮಾಸ್ಕು ಹಿಡಿದಳು, ನಿಂತ ಮೇಲೆ ತೆಗೆದಳು, ಮತ್ತೆ ಶುರುವಾಯಿತು. ಹಾಗೆಯೇ ಬಹಳ ಹೊತ್ತು.

ಆ ವಾರ್ಡಿನಲ್ಲಿ ನರ್ಸುಗಳಿದ್ದರು, ಡಾಕ್ಟರು ಇದ್ದ, ಇಂಗ್ಲಿಷ್ ಟೀಚರು ನಾನಿದ್ದೆ. ಅವರಿಬ್ಬರ ಮಾತು ಯಾರಿಗೂ ತಿಳಿಯಲಿಲ್ಲ. ನಾನು ಅವಳನ್ನು ಯಾವತ್ತೂ ಕೇಳಲೂ ಇಲ್ಲ. ನನ್ನ ಗಂಡ ಕೊನೆಗೆ ಯಾರ ಸಂಗಡ ಏನು ಆಡಿದರೆಂದು ನನಗೆ ಗೊತ್ತಿಲ್ಲ. ಆ ಮಂಚದ ಕಾಲ ದೆಸೆಯಲ್ಲಿ ನಿಂತು ಅದನ್ನೇ ನೆನೆಯುತ್ತಿದ್ದೆ. ಆಮೇಲೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಅವರ ಹೊತ್ತು ಅವರದು.

ಕತ್ತಲಾಗುವ ಮುಂಚೆ ನರ್ಸು ಹೊರಗೆ ಬಂದು, ‘ಹೀ ಹ್ಯಾಸ್ ಸ್ಲಿಪ್ಡ್ ಅವೇ’ ಎಂದಳು. ಜಾರಿಹೋದರು ಎಂದು. ಈ ಸಲ ನನಗೆ ಡಿಕ್ಷನರಿ ಬೇಕಾಗಲಿಲ್ಲ.

ಮಣ್ಣಿನ ದಿನ

ನಮ್ಮಲ್ಲಿ ಅಂದೇ ಮಣ್ಣು ಮಾಡುತ್ತಾರೆ. ಅಲ್ಲಿ ಒಂದು ವಾರದ ಮೇಲಾಯಿತು. ಆ ದಿನಗಳಲ್ಲಿ ಡೋರಿಸ್ ಬಟ್ಟೆ ಇಸ್ತ್ರಿ ಮಾಡಿದಳು, ಪರದೆ ಒಗೆದಳು, ಅವನ ಬೂಟಿಗೆ ಪಾಲಿಶ್ ಹಚ್ಚಿ ಇದ್ದಲ್ಲೇ ಇಟ್ಟಳು. ಅಳಲಿಲ್ಲ. ಬಂದವರೆಲ್ಲ ಬಾಗಿಲಲ್ಲೇ ನಿಂತು ‘ಸಾರಿ’ ಎನ್ನುತ್ತಿದ್ದರು, ಇವಳು ‘ಥ್ಯಾಂಕ್ಯೂ’ ಎನ್ನುತ್ತಿದ್ದಳು. ತಪ್ಪು ಮಾಡಿದವರು ಸಾರಿ ಎನ್ನಬೇಕು ಎಂದು ನಾನು ಕಲಿಸಿದ್ದು. ಇವರೆಲ್ಲ ಏನು ತಪ್ಪು ಮಾಡಿದ್ದರು? ನನಗೆ ಮಾತ್ರ ಆ ಶಬ್ದ ಬಾಯಿಗೆ ಬರಲಿಲ್ಲ. ಏನೂ ಹೇಳದೆ ಅವಳ ಹಿಂದೆ ಮುಂದೆ ಓಡಾಡಿಕೊಂಡಿದ್ದೆ. ಅವಳು ಅದನ್ನು ಗಮನಿಸಿದ್ದಳು.

ಚರ್ಚಿನಲ್ಲಿಯೂ ಯಾರೂ ದನಿಯೆತ್ತಿ ಅಳಲಿಲ್ಲ. ಮನೆಗೆ ಬಂದು ಬ್ರೆಡ್ಡು ತಿಂದು, ಚಹಾ ಕುಡಿದು, ನೀನು ಗಟ್ಟಿಗಿತ್ತಿ ಎಂದು ಡೋರಿಸ್‌ಗೆ ಹೇಳಿ, ಹೊತ್ತು ಮುಳುಗುವ ಮುಂಚೆ ಎಲ್ಲರೂ ಹೋದರು. ಅವಳು ಸಿಂಕಿನ ಹತ್ತಿರ ನಿಂತು ತಟ್ಟೆ ತೊಳೆಯತೊಡಗಿದಳು. ನಾನು ಒರೆಸಿ ಇಡುತ್ತಿದ್ದೆ.

“ಕಮಲಾ, ನೀನು ಒಬ್ಬಾಕಿ ಸಾರಿ ಅನಲಿಲ್ಲ ನೋಡು” ಎಂದಳು, ತಿರುಗದೆ.

“ನಮ್ಮ ಕಡಿ ಹಂಗ ಅನ್ನಾದಿಲ್ಲ.”

“ಮತ್ತೇನಂತಾರ?”

“ಏನೂ ಅನ್ನಾದಿಲ್ಲ. ಹೆಣಮಕ್ಕಳು ಬಂದು ತಬ್ಬಕೊಂಡು ಕುಂದ್ರತಾರ. ಹೋದವರ ಗುಣ ಹಾಡಿ ಅಳತಾರ. ಅಳಲಾರದಾಕೀನ ಅಳಸ್ತಾರ. ಆ ಮನ್ಯಾಗ ಮೂರು ದಿನ ಒಲಿ ಹಚ್ಚಾದಿಲ್ಲ. ಮಗ್ಗಲ ಮನಿಯವರು ಅಡಗಿ ತರತಾರ.”

“ನಿನಗ ಹಂಗ ಮಾಡಿದ್ರೇನು?” ಎಂದಳು. ನನಗೆ ಗಂಡ ಇಲ್ಲ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಹೇಗೋ ತಿಳಿದುಕೊಂಡಿದ್ದಳು.

“ಮಾಡಿದ್ರು.”

ನಲ್ಲಿ ನಿಲ್ಲಿಸಿ, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಳು. ನಾನು ಕೋಣೆಗೆ ಹೋಗಿ ಉಳಿದ ಕಟಕ ರೊಟ್ಟಿ ಮತ್ತು ಹಿಂಡಿ ತಂದೆ. ಅವಳ ಪಕ್ಕದಲ್ಲಿ ಕೂತು ಮುರಿದು ಕೊಟ್ಟೆ. ಇದು ತಿನ್ನುವುದೋ ಮತ್ತೇನೋ ಎಂಬಂತೆ ನೋಡಿ ಬಾಯಿಗಿಟ್ಟುಕೊಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡಳು, ಮತ್ತೆ ಬಂತು. ಆಮೇಲೆ ಒರೆಸಿಕೊಳ್ಳಲಿಲ್ಲ. ನಾನು ಅವಳನ್ನು ತಬ್ಬಿ ಹಿಡಿದೆ. ನನ್ನ ಬಾಯಿಂದ ಕನ್ನಡವೇ ಬಂತು, ಯವ್ವಾ, ನನ್ನವ್ವಾ ಎಂದು. ಅವಳ ಅಳುವಿಗೆ ಈಗ ದನಿಯಿತ್ತು.

ತರಬೇತಿ ಮುಗಿದು ನಾನು ಹೊರಟಾಗ ಅವಳು ಸ್ಟೇಷನ್ನಿಗೆ ಬರಲಿಲ್ಲ. ಬಾಗಿಲಲ್ಲೇ ನನ್ನ ಕೋಟಿನ ಗುಂಡಿ ಹಾಕಿ, “ಹಾದಿ ಮ್ಯಾಲ ಹುಷಾರು” ಎಂದಳು.

ಕಲ್ಲೂರು

ಬಂದ ಮೇಲೆ ಮಾನ್ವಿಯಲ್ಲಿ ತಾಲೂಕಿನ ಇಂಗ್ಲಿಷ್ ಶಿಕ್ಷಕರು ನನ್ನನ್ನು ಕರೆದು ಮಾತಾಡಿಸಿದರು. ಒಬ್ಬ ಹಿರಿಯರು ಎದ್ದು, “ಮೇಡಮ್, ಸತ್ತರು ಅನ್ನಾಕ ಎಕ್ಸ್‌ಪಾಯರ್ಡ್ ಅನಬೇಕೋ, ಪಾಸ್ಡ್ ಅವೇ ಅನಬೇಕೋ? ಯಾವುದು ಕರೆಕ್ಟ್ ಹೇಳ್ರಿ” ಎಂದು ಕೇಳಿದರು. ಅಲ್ಲಿ ಎಕ್ಸ್‌ಪಾಯರ್ ಆಗುವುದು ಬಸ್ ಪಾಸು, ಮನುಷ್ಯರಲ್ಲ ಎಂದೆ. ಬರೆದುಕೊಂಡರು. ಅದಕ್ಕಿಂತ ಹೆಚ್ಚು ಹೇಳಲು ಅಲ್ಲಿ ನನಗೆ ಆಗಲಿಲ್ಲ.

ಕಲ್ಲೂರಿನಲ್ಲಿ ಅವ್ವ ಮಾತ್ರ ಎಲ್ಲವನ್ನೂ ಕೇಳಿದಳು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ನಡುವೆ ಬಾಯಿ ಹಾಕದೆ.

“ಈಗ ಆಕಿ ಜೋಡಿ ಯಾರದಾರ?”

“ಯಾರೂ ಇಲ್ಲವ್ವ.”

ಅವ್ವ ಮೊರ ಕೆಳಗಿಟ್ಟಳು. “ನಾ ಹೇಳ್ತೀನಿ, ಆಕಿಗಿ ಬರಿ. ಜೀವ ಗಟ್ಟಿ ಮಾಡ್ಕೋ ಅಂತ ಬರಿ.”

ಪೆನ್ನು ಹಿಡಿದು ಕೂತೆ. ಇದ್ದ ಹಾಗೆ ಇಂಗ್ಲಿಷಿಗೆ ಇಳಿಸಿದರೆ ‘ಮೇಕ್ ಯುವರ್ ಲೈಫ್ ಹಾರ್ಡ್’, ನಿನ್ನ ಬದುಕನ್ನು ಕಷ್ಟ ಮಾಡಿಕೋ ಎಂದಾಗುತ್ತದೆ. ‘ಬೇರ್ ಅಪ್’ ಎಂದು ಬರೆದು ಹೊಡೆದುಹಾಕಿದೆ. ‘ಟೇಕ್ ಹಾರ್ಟ್’ ಎಂದು ಬರೆದು ಅದನ್ನೂ ಹೊಡೆದೆ. ಅವೆಲ್ಲ ಬಾಗಿಲಲ್ಲಿ ನಿಂತು ಹೋದವರ ಮಾತು, ಅವ್ವನದಲ್ಲ. ಕೊನೆಗೆ ತಪ್ಪು ಇಂಗ್ಲಿಷಿನಲ್ಲೇ, ಅವ್ವ ಆಡಿದ ಹಾಗೆಯೇ ಬರೆದೆ. ಕೆಳಗೆ ಹೀಗೆ ಸೇರಿಸಿದೆ: ಇದು ಸರಿಯಾದ ಇಂಗ್ಲಿಷ್ ಅಲ್ಲ. ನಮ್ಮವ್ವ ಗದ್ದೆಯಲ್ಲಿ ದುಡಿಯುವವಳು. ನೀರು ನುಗ್ಗಿದಾಗ ಬದುವಿಗೆ ಮಣ್ಣು ಮೆತ್ತಿ, ತುಳಿದು ಗಟ್ಟಿ ಮಾಡುತ್ತಾರೆ. ಹಾಗೆ ಜೀವವನ್ನೂ ಮಾಡಿಕೊಳ್ಳಬೇಕು ಎನ್ನುತ್ತಾಳೆ.

ಎಷ್ಟೋ ದಿನಗಳ ಮೇಲೆ ಉತ್ತರ ಬಂತು. ಶಾಲೆಗೆ ಬಂದದ್ದನ್ನು ಒಡೆದು ಓದಿ, ಭಾನುವಾರ ಕಲ್ಲೂರಿಗೆ ಒಯ್ದೆ. ಸ್ಪೆಲಿಂಗ್ ತಪ್ಪುಗಳು ಬಹಳ ಇದ್ದವು. ಹವೆಯ ವಿಷಯ, ಪಕ್ಕದ ಮನೆಯವರ ನಾಯಿಯ ವಿಷಯ. ಕಡೆಗೆ ಅವ್ವನಿಗೆಂದು ಎರಡು ಸಾಲು. ಅವ್ವನ ಮುಂದೆ ಕೂತು ನಮ್ಮ ಮಾತಿನಲ್ಲಿ ಓದಿ ಹೇಳಿದೆ:

“ನಿಮ್ಮವ್ವಗ ಹೇಳು, ಜೀವ ಗಟ್ಟಿ ಮಾಡ್ಕೊಂಡೀನಿ. ಆದ್ರ ಸಂಜಿ ಮುಂದ ಸ್ವಲ್ಪ ಮೆತ್ತಗಾಗ್ತದ.”

ಅವ್ವ ಕಾಗದ ಇಸಿದುಕೊಂಡು, ಮಡಚಿ ಮಡಿಲಲ್ಲಿ ಇಟ್ಟುಕೊಂಡಳು.

“ಹೂಂ” ಎಂದಳು. “ಆಗ್ತದ.”